ಆಟಿ (ಜುಲೈ-ಆಗಸ್ಟ್) ಮಳೆಗೆ ಲಾನ್ ಬೋಳಾಗಿದೆ, ಈಗಲೇ ಹೊಸ ಹುಲ್ಲು ಹಾಕಬಹುದಾ?

ಪರ್ಕಳ_ಮನೆ:
ನಮಸ್ಕಾರ. ಮನೆ ಎದುರು 30×20 ಅಡಿ ಲಾನ್ ಇದೆ, ಮೆಕ್ಸಿಕನ್ ಹುಲ್ಲು. ಮನೆ ಕಟ್ಟುವಾಗ ಮುರಕಲ್ಲಿನ (ಜಂಬಿಟ್ಟಿಗೆ) ನೆಲವನ್ನು ಜೆಸಿಬಿಯಲ್ಲಿ ಸಮ ಮಾಡಿ ಮೇಲೆ ಕೆಂಪು ಮಣ್ಣು ಹಾಕಿಸಿದ್ದು. ಹೋದ ವರ್ಷ ಚೆನ್ನಾಗಿತ್ತು. ಈ ಸಲ ಜುಲೈಯಲ್ಲಿ ಅಲ್ಲಲ್ಲಿ ಹಳದಿಯಾಯಿತು, ಈಗ ಗೇಟಿನ ಕಡೆ ಪೂರ್ತಿ ಬೋಳು, ಮೇಲೆ ಪಾಚಿ. ಮಧ್ಯೆ ಕೊನ್ನಾರಿ, ನಾಚಿಕೆಮುಳ್ಳಿನ ಕಳೆ ಬೇರೆ. ಯೂರಿಯಾ ಹಾಕಿ ನೋಡಿದ್ದೂ ಆಯಿತು. ನರ್ಸರಿಯವರು "ಮಳೆಗಾಲದಲ್ಲಿ ನೆಟ್ಟರೆ ನೀರು ಹಾಕುವ ಕೆಲಸ ಇಲ್ಲ, ಈಗಲೇ ಹಾಕಿ" ಅಂತಾರೆ. ಯೂಟ್ಯೂಬಿನಲ್ಲಿ ಸೆಪ್ಟೆಂಬರಿನಲ್ಲಿ ಬೀಜ ಬಿತ್ತಿ ಅಂತಾರೆ. ಯಾರ ಮಾತು ಕೇಳುವುದು?

ಕುಡ್ಲ_ತೋಟ:
ಈಗ ಹಾಕಬೇಡಿ ಮಾರಾಯ್ರೆ. ಮೊದಲು ಎರಡು ಕೆಲಸ ಮಾಡಿ. ಬೋಳಾದ ಜಾಗದ ಅಂಚಿನಲ್ಲಿ ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದು ಎಳೆಯಿರಿ. ಬೇರು ಕಪ್ಪಾಗಿ, ಮಣ್ಣು ಕೊಳೆತ ವಾಸನೆ ಬಂದರೆ ನೀರು ನಿಂತು ಹಾಳಾದದ್ದು. ಬೇರೇ ಇಲ್ಲದೆ ಚಾಪೆ ಹಾಗೆ ಎದ್ದು ಬಂದರೆ ಕೆಳಗೆ ಬಿಳಿ ಹುಳ ಇದೆಯಾ ನೋಡಿ. ಆಮೇಲೆ ಮಳೆ ಬಿಟ್ಟ ಹೊತ್ತಿನಲ್ಲಿ ಒಂದು ಗೇಣು ಗುಂಡಿ ತೋಡಿ. ನೀರು ಎಷ್ಟು ಹೊತ್ತಿಗೆ ಇಂಗಿತು ಹೇಳಿ.

ಪರ್ಕಳ_ಮನೆ:
ನೋಡಿದೆ. ಬೇರು ಕಪ್ಪು, ಚರಂಡಿ ವಾಸನೆ. ಹುಳ ಇಲ್ಲ. ಗುಂಡಿಯಲ್ಲಿ ಬೆಳಿಗ್ಗೆ ಇದ್ದ ನೀರು ಸಂಜೆಗೂ ಹಾಗೇ ಇತ್ತು. ನಾಲ್ಕು ಇಂಚು ಕೆಳಗೆ ಹೋದರೆ ಪಿಕ್ಕಾಸೇ ಪುಟಿಯುತ್ತದೆ. ಮಾಡಿನ (ಚಾವಣಿಯ) ನೀರೂ ಆ ಕಡೆಗೇ ಬೀಳುವುದು.

ಕುಡ್ಲ_ತೋಟ:
ಹಾಗಾದರೆ ಹುಲ್ಲಿನ ದೋಷ ಅಲ್ಲ. ಜೆಸಿಬಿ ಓಡಾಡಿ ನೆಲ ಗಟ್ಟಿಯಾಗಿದೆ, ನೀರಿಗೆ ಕೆಳಗೆ ದಾರಿ ಇಲ್ಲ. ಬೇರಿಗೂ ಗಾಳಿ ಬೇಕಲ್ವಾ? ಅದು ಸಿಗದೆ ಕೊಳೆಯುತ್ತದೆ. ಯೂರಿಯಾ ಕುಡಿಯಲಿಕ್ಕೆ ಬೇರೇ ಇಲ್ಲದಿದ್ದರೆ ಹಾಕಿ ಏನು ಪ್ರಯೋಜನ?

ಯೂಟ್ಯೂಬಿನವರು ಹೇಳುವುದು ಫೆಸ್ಕ್ಯೂ, ಬ್ಲೂಗ್ರಾಸ್, ರೈ ಹುಲ್ಲಿನ ಲೆಕ್ಕ. ಅವು ಚಳಿ ದೇಶದವು, 15ರಿಂದ 24 ಡಿಗ್ರಿಯಲ್ಲಿ ಹುಲುಸಾಗಿ ಬರುತ್ತವೆ. ಅಲ್ಲಿ ಸೆಪ್ಟೆಂಬರ್ ಅಂದರೆ ಬೇಸಿಗೆಯ ಸೆಕೆ ಇಳಿದು ನೆಲ ಇನ್ನೂ ಬೆಚ್ಚಗಿರುವ ಹೊತ್ತು. ನಮ್ಮದು ಸೆಕೆಯ ಹುಲ್ಲು. ಕರಾವಳಿಯಲ್ಲಿ ವರ್ಷವಿಡೀ ಅದಕ್ಕೆ ಸಾಕಾಗುವಷ್ಟು ಬಿಸಿ ಇದೆ. ಇಲ್ಲಿ ಕಾಲ ನಿರ್ಧರಿಸುವುದು ಥರ್ಮಾಮೀಟರ್ ಅಲ್ಲ, ಮಳೆ ಮತ್ತು ಬಿಸಿಲು. ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ಆಟಿಯಲ್ಲಿ ನೆಟ್ಟರೆ ನೀರು ಹಾಕುವ ಕೆಲಸ ಇಲ್ಲ, ಅದು ನಿಜವೇ. ಆದರೆ ಮೋಡ ಕವಿದು ಬಿಸಿಲಿಲ್ಲ, ಸಡಿಲ ಮಣ್ಣು ಗೇಟು ದಾಟಿ ರಸ್ತೆಗೆ ಹೋಗುತ್ತದೆ. ನರ್ಸರಿಯವರಿಗೆ ಹುಲ್ಲು ಇನ್ನೊಮ್ಮೆ ಮಾರಿದ ಹಾಗಾಯಿತು, ಅಷ್ಟೇ!

ನವರಾತ್ರಿ ಹೊತ್ತಿಗೆ ಹಾಕಿ. ಹಗಲು ಬಿಸಿಲು, ಆಗಾಗ ಸಂಜೆ ಗುಡುಗು ಮಳೆ, ನೆಲದಲ್ಲಿ ಹಸಿ. ಡಿಸೆಂಬರಿನಲ್ಲಿ ಒಣಗಲು ಶುರುವಾಗುವ ಮೊದಲು ಬೇರು ಇಳಿದಿರುತ್ತದೆ. ಅಷ್ಟರವರೆಗೆ ಕೊಡೆ ಹಿಡಿದು ಅಂಗಳದಲ್ಲಿ ನಿಂತು ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ ಅಂತ ನೋಡಿ, ಅಲ್ಲೆಲ್ಲ ಕೋಲು ನೆಟ್ಟಿಡಿ. ಬೇಸಿಗೆಯಲ್ಲಿ ಇದು ಗೊತ್ತಾಗುವುದಿಲ್ಲ. ಮಾಡಿನ ನೀರಿಗೆ ದಂಬೆ ಕಟ್ಟಿ ಪೈಪಿನಲ್ಲಿ ಬೇರೆ ಕಡೆ ಬಿಡಿ.

ಮಳೆ ಇಳಿದ ಮೇಲೆ ಆರರಿಂದ ಎಂಟು ಇಂಚು ಅಗೆದು ಹೊಳೆ ಮರಳು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಸೇರಿಸಿ. ಕಡಲ ಮರಳು ಬೇಡವೇ ಬೇಡ, ಉಪ್ಪು. ಮನೆಯಿಂದ ಹೊರಗೆ ಹತ್ತು ಅಡಿಗೆ ಎರಡು ಇಂಚು ಇಳಿಜಾರು ಇರಲಿ. ಕೊನ್ನಾರಿಯನ್ನು ಕತ್ತರಿಸಿದರೆ ಸಾಲದು, ಗಡ್ಡೆ ಸಮೇತ ತೆಗೆಯಬೇಕು. ಅಗೆದು ಒಂದೆರಡು ವಾರ ಸುಮ್ನೆ ಬಿಡಿ, ಉಳಿದ ಗಡ್ಡೆ ಚಿಗುರಿದಾಗ ಮತ್ತೆ ಕೀಳಿ. ಬೇಜಾರಿನ ಕೆಲಸ, ಆದರೆ ಹುಲ್ಲು ಹಾಸಿದ ಮೇಲೆ ಇದಕ್ಕಿಂತ ಜಾಸ್ತಿ ಬೇಜಾರು. ಮೆಕ್ಸಿಕನ್ ಹುಲ್ಲಿಗೆ ಬೀಜ ಹುಡುಕಬೇಡಿ. ಬೇರಿನ ತುಂಡುಗಳನ್ನು ನಾಲ್ಕು ಇಂಚಿಗೊಂದರಂತೆ ನೆಟ್ಟರೆ ಸಾಕು, ದುಡ್ಡೂ ಉಳಿಯುತ್ತದೆ.

ಕಾರ್ಕಳ_ಅಡಕೆ:
ಒಂದು ಮಾತು ಸೇರಿಸುತ್ತೇನೆ. ಮುರಕಲ್ಲಿನ ಮಣ್ಣು ಹುಳಿ ಜಾಸ್ತಿ, ಗಿಡಕ್ಕೆ ಬೇಕಾದ ರಂಜಕವನ್ನು ಬೇರಿಗೆ ಸಿಗದ ಹಾಗೆ ಕಟ್ಟಿಹಾಕುತ್ತದೆ. ಹಾಗಂತ ಕಣ್ಣು ಮುಚ್ಚಿ ಸುಣ್ಣ ಸುರಿಯಬೇಡಿ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಬಗ್ಗೆ ವಿಚಾರಿಸಿ, ಬೇಕಾದಷ್ಟೇ ಹಾಕಿ. ಸುಣ್ಣ ಹಾಕಿ ಎರಡು ಮೂರು ವಾರ ಬಿಟ್ಟೇ ಗೊಬ್ಬರ. ಸುಣ್ಣದ ಜೊತೆ ಯೂರಿಯಾ ಸೇರಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಪಕ್ಕದಲ್ಲಿ ಅಡಕೆ ತೋಟ ಇದ್ದರೆ ಬೇರುಹುಳದ (ಮೇಲೆ ಹೇಳಿದ ಬಿಳಿ ಹುಳದ) ಮೇಲೆ ಕಣ್ಣಿಡಿ. ಮೊದಲ ಮಳೆ ಬಿದ್ದ ಮೇಲೆ ಮುಸ್ಸಂಜೆ ಅದರ ದುಂಬಿಗಳು ಏಳುತ್ತವೆ, ಆಗಲೇ ಹಿಡಿದು ಕೊಂದರೆ ಒಳ್ಳೆಯದು.

ಪರ್ಕಳ_ಮನೆ:
ತುಂಬಾ ಉಪಕಾರ. ದಂಬೆ ಕೆಲಸದವರಿಗೆ ಹೇಳಿದ್ದೇನೆ. ಇನ್ನೊಂದು: ಎಡಗಡೆ ಮಾವಿನ ಮರದ ಕೆಳಗೆ ಹುಲ್ಲು ಬರುವುದೇ ಇಲ್ಲ. ಅಲ್ಲಿಗೂ ಮೆಕ್ಸಿಕನ್ನೇ ಹಾಕಲಾ?

ಕುಡ್ಲ_ತೋಟ:
ಬೇಡ. ಅದಕ್ಕೆ ಬಿಸಿಲು ಬೇಕು, ಗರಿಕೆಗಂತೂ ಇನ್ನೂ ಜಾಸ್ತಿ. ನೆರಳಿಗೆ ಅಗಲ ಎಲೆಯ ಬಫೆಲೋ ಹುಲ್ಲು ಹಾಕಿ. ನಡು ಹಗಲಿನಲ್ಲೂ ಬಿಸಿಲಿನ ಚುಕ್ಕೆ ಬೀಳದ ಜಾಗ ಆದರೆ ಅದೂ ಬರುವುದಿಲ್ಲ, ಜಲ್ಲಿ ಹಾಸಿ ಎರಡು ಕುರ್ಚಿ ಇಡಿ. ಮತ್ತೆ, ಏಪ್ರಿಲ್-ಮೇಯಲ್ಲಿ ನಿಮ್ಮ ಬಾವಿಯ ನೀರು ಹೇಗೆ? ತಳ ಕಾಣುತ್ತದೆ ಅಂತಾದರೆ 30×20 ಪೂರ್ತಿ ಹಾಕಬೇಡಿ, ಅರ್ಧ ಮಾಡಿ.

ಪರ್ಕಳ_ಮನೆ:
ಮೇಯಲ್ಲಿ ಟ್ಯಾಂಕರ್ ತರಿಸುವುದೇ. ಅರ್ಧವೇ ಮಾಡುತ್ತೇನೆ, ಗೇಟಿನ ಕಡೆಗೆ ಇಂಟರ್‌ಲಾಕ್.

ಕುಡ್ಲ_ತೋಟ:
ಇಂಟರ್‌ಲಾಕಿನ ಇಳಿಜಾರು ಲಾನ್ ಕಡೆಗೆ ಬಾರದ ಹಾಗೆ ಮೇಸ್ತ್ರಿಗೆ ಮೊದಲೇ ಹೇಳಿ. ಹಾಕಿದ ಮೇಲೆ ಹೇಳಿದರೆ ಕೇಳುವವರು ಯಾರೂ ಇರುವುದಿಲ್ಲ.