ಮೂರು ವರ್ಷ ದುಬೈ, ಮಗಳು ಒಂಬತ್ತನೇ ಕ್ಲಾಸು: ಓದುಗರ ಸ್ಪಂದನ

ಮೈಸೂರು ವಿಜಯನಗರದ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಪೇಚಾಟ ಬರೆದಿದ್ದರು. ಯಜಮಾನರಿಗೆ ದುಬೈನಲ್ಲಿ ಮೂರು ವರ್ಷದ ಕೆಲಸ. ಏಪ್ರಿಲ್‌ಗೆ ಹೊರಡಬೇಕು. ಮಗಳು ಸ್ಟೇಟ್ ಸಿಲಬಸ್‌ನಲ್ಲಿ 8ನೇ ತರಗತಿ, ಮಗ 1ನೇ ತರಗತಿ. ಅಲ್ಲಿ ನೋಡಿದರೆ ಸಿಬಿಎಸ್‌ಇ, ಬ್ರಿಟಿಷ್, ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮ) ಅಂತ ರಾಶಿ ಶಾಲೆಗಳು. ‘ಯಾವುದಕ್ಕೆ ಸೇರಿಸೋದು? ಇಲ್ಲಾ ಮಗಳನ್ನು ಅಜ್ಜಿ ಮನೆಯಲ್ಲೇ ಬಿಟ್ಟು ಹೋಗೋದಾ?’ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ದುಬೈನಿಂದ ವಾಪಸಾದ ಗೃಹಿಣಿ, ಕುವೆಂಪುನಗರ

ಶಾಲೆ ಹುಡುಕುವ ಮೊದಲು ಒಂದು ಹಾಳೆ ತಗೊಂಡು ಮಗಳ ಕ್ಲಾಸುಗಳನ್ನು ಬರೆಯಿರಿ. ಈ ಏಪ್ರಿಲ್‌ಗೆ 9, ಆಮೇಲೆ 10, ಆಮೇಲೆ 11. ಅಲ್ಲಿಗೆ ಯಜಮಾನರ ಮೂರು ವರ್ಷ ಮುಗಿಯಿತು, ಮಗಳ 12 ಬಾಕಿ ಉಳಿಯಿತು! ಸಿಕ್ಕು ಇರುವುದೇ ಇಲ್ಲಿ. ಸಿಬಿಎಸ್‌ಇಯಲ್ಲಿ 12ಕ್ಕೆ ಹೊಸಬರನ್ನು ಸುಲಭಕ್ಕೆ ಸೇರಿಸಿಕೊಳ್ಳಲ್ಲ, ಬೋರ್ಡಿನ ಒಪ್ಪಿಗೆ ಬೇಕು. ನಮ್ಮ ಕಾಲೇಜುಗಳಲ್ಲಿ ನೇರವಾಗಿ ಸೆಕೆಂಡ್ ಪಿಯುಗೆ ಬಂದು ಕೂರುವುದೂ ಕಷ್ಟವೇ. ಹಾಗಾಗಿ 10 ಮುಗಿದ ಕೂಡಲೇ ಮಗಳು ಮೈಸೂರಿಗೆ ಬಂದು ಪಿಯು ಸೇರಬೇಕು, ಇಲ್ಲಾ ನೀವೆಲ್ಲ ಅಲ್ಲಿ ನಾಲ್ಕನೇ ವರ್ಷವೂ ಇರಬೇಕು. ಇದನ್ನು ಗಂಡ ಹೆಂಡತಿ ಕೂತು ತೀರ್ಮಾನ ಮಾಡಿ.

ಪಿಯುಗೆ ವಾಪಸ್ ಅನ್ನೋದಾದರೆ ಕಣ್ಣು ಮುಚ್ಚಿಕೊಂಡು ಸಿಬಿಎಸ್‌ಇಗೆ ಸೇರಿಸಿ. ಅಲ್ಲಿನ ಇಂಡಿಯನ್ ಶಾಲೆಗಳು ಏಪ್ರಿಲ್‌ನಲ್ಲೇ ಶುರುವಾಗುತ್ತವೆ. 9ನೇ ಕ್ಲಾಸಿನಲ್ಲೇ ಮಕ್ಕಳ ಹೆಸರು ಬೋರ್ಡಿಗೆ ನೋಂದಣಿ ಆಗುತ್ತೆ, ಅದಕ್ಕೇ ವರ್ಷದ ಆರಂಭದಲ್ಲೇ ಸೇರಿಸೋದು ಒಳ್ಳೇದು. ಬ್ರಿಟಿಷ್ ಶಾಲೆಯಾದರೆ ಅವಳು ‘ಇಯರ್ 10’ಕ್ಕೆ ಹೋಗುತ್ತಾಳೆ, ಅದು ನಮ್ಮ 9ಕ್ಕೆ ಸಮ. ಅಲ್ಲಿ ವರ್ಷ ಶುರುವಾಗೋದು ಬೇಸಿಗೆ ರಜೆ ಕಳೆದ ಮೇಲೆ. ನಮ್ಮ 10ನೇ ಕ್ಲಾಸಿಗೆ ಸಮನಾದ ಐಜಿಸಿಎಸ್‌ಇ ಪರೀಕ್ಷೆ ಮೇ–ಜೂನ್‌ನಲ್ಲಿ, ಫಲಿತಾಂಶ ಆಗಸ್ಟ್‌ನಲ್ಲಿ. ಅಷ್ಟು ಹೊತ್ತಿಗೆ ಮೈಸೂರಿನಲ್ಲಿ ಫಸ್ಟ್ ಪಿಯು ಪಾಠ ಶುರುವಾಗಿ, ಒಳ್ಳೆ ಕಾಲೇಜಿನ ಸೀಟೆಲ್ಲ ಭರ್ತಿಯಾಗಿರುತ್ತೆ.

ಇನ್ನು ಶಾಲೆ. ದುಬೈನ ಖಾಸಗಿ ಶಾಲೆಗಳು ಕೆಎಚ್‌ಡಿಎ ಅನ್ನೋ ಸರ್ಕಾರಿ ಸಂಸ್ಥೆಯ ಕೈಕೆಳಗೆ ಬರುತ್ತವೆ. ಅವರು ತಪಾಸಣೆ ಮಾಡಿ ‘ಔಟ್‌ಸ್ಟ್ಯಾಂಡಿಂಗ್’, ‘ವೆರಿ ಗುಡ್’, ‘ಗುಡ್’, ‘ಆಕ್ಸೆಪ್ಟಬಲ್’ ಅಂತ ದರ್ಜೆ ಕೊಟ್ಟಿರುತ್ತಾರೆ. ವರದಿ, ಫೀಸು ಎರಡೂ ಅವರ ವೆಬ್‌ಸೈಟ್‌ನಲ್ಲಿ ಸಿಗುತ್ತೆ. ಮೇಲಿನ ದರ್ಜೆ ಒಂದೇ ನೋಡಿ ಮರುಳಾಗಬೇಡಿ. ಒಳಗೆ ಪ್ರೈಮರಿಗೆ ಬೇರೆ, ಸೆಕೆಂಡರಿಗೆ ಬೇರೆ, ಗಣಿತಕ್ಕೆ ಬೇರೆ, ವಿಜ್ಞಾನಕ್ಕೆ ಬೇರೆ ದರ್ಜೆ ಇರುತ್ತೆ. ನಿಮಗೆ ಬೇಕಾಗಿರೋದು ಮಗಳ ಪಾಲಿಗೆ ಸೆಕೆಂಡರಿ ಕಾಲಂ, ಮಗನ ಪಾಲಿಗೆ ಪ್ರೈಮರಿ ಕಾಲಂ. ವರದಿ ಯಾವ ವರ್ಷದ್ದು ಅನ್ನೋದನ್ನೂ ನೋಡಿ.

ಬಾಡಿಗೆ ಕಡಿಮೆ ಅಂತ ಶಾರ್ಜಾದಲ್ಲಿ ಮನೆ ಮಾಡಿ ದುಬೈ ಶಾಲೆಗೆ ಕಳಿಸುವವರು ಬಹಳ ಜನ. ಬೆಳಿಗ್ಗೆ ಕತ್ತಲಲ್ಲೇ ಬಸ್ಸು ಹತ್ತಿದ ಮಕ್ಕಳು ಮಧ್ಯಾಹ್ನ ಟೈ ಬಿಚ್ಚಿ ಕೈಯಲ್ಲಿ ಹಿಡಿದು, ನಿದ್ದೆಗಣ್ಣಲ್ಲಿ ಇಳಿಯೋದನ್ನು ನಮ್ಮ ಬಿಲ್ಡಿಂಗ್ ಕೆಳಗೆ ದಿನಾ ನೋಡುತ್ತಿದ್ದೆ. ಶಾಲೆ ಗೊತ್ತಾದ ಮೇಲೆ ಮನೆ ಹುಡುಕಿ.

ನಿವೃತ್ತ ಹೆಡ್‌ಮಾಸ್ಟರ್, ಸರಸ್ವತಿಪುರಂ

ನೋಡಮ್ಮಾ, ಮಗಳ ಪಾಸ್‌ಪೋರ್ಟನ್ನೂ ಶಾಲೆಯ ದಾಖಲೆಯನ್ನೂ ಇವತ್ತೇ ಪಕ್ಕಪಕ್ಕ ಇಟ್ಟು ಓದಿ. ನಮ್ಮ ಕಡೆ ಶಾಲೆಯಲ್ಲಿ ಹೆಸರಿನ ಮುಂದೆ ಇನಿಷಿಯಲ್ ಹಾಕಿರುತ್ತಾರೆ, ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ಊರ ಹೆಸರು ಎಲ್ಲ ಬಂದಿರುತ್ತೆ. ಟಿ.ಸಿ. ಕೈಗೆ ಬಂದಮೇಲೆ ಇದು ಕಣ್ಣಿಗೆ ಬಿದ್ದರೆ ಅಲೆದಾಟ ತಪ್ಪಿದ್ದಲ್ಲ. ಟಿ.ಸಿ. ಇಂಗ್ಲಿಷ್‌ನಲ್ಲಿರಲಿ, ಬಿಇಒ ಕಚೇರಿಯ ಮೇಲು ರುಜು ಹಾಕಿಸಿ. ವಿದೇಶಾಂಗ ಇಲಾಖೆ, ಯುಎಇ ಕಾನ್ಸುಲೇಟ್ ಮುದ್ರೆಯೂ ಬೇಕಾ ಅಂತ ಅಲ್ಲಿನ ಶಾಲೆಯಿಂದ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಚಿಕ್ಕವನ ತಾಯಿ ಕಾರ್ಡ್ ಮರೆಯಬೇಡಿ, ಲಸಿಕೆ ವಿವರ ಕೇಳುತ್ತಾರೆ.

ಸಿಇಟಿ ಬಗ್ಗೆ ಯಾರೂ ಹೇಳಲಿಕ್ಕಿಲ್ಲ, ಅದಕ್ಕೆ ನಾನು ಹೇಳುತ್ತೇನೆ. ಇಂಜಿನಿಯರಿಂಗ್ ಸರ್ಕಾರಿ ಸೀಟಿಗೆ, ಸಾಮಾನ್ಯ ನಿಯಮದಲ್ಲಿ, 1ರಿಂದ 12ರೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, 10 ಅಥವಾ 12ನ್ನು ಇಲ್ಲೇ ಪಾಸು ಮಾಡಿರಬೇಕು. ನಿಮ್ಮ ಮಗಳದು ಆಗಲೇ 8 ವರ್ಷ ಆಯಿತು. ಪಿಯು ಇಲ್ಲಿ ಮುಗಿಸಿದರೆ ಅವಳಿಗೆ ತೊಂದರೆಯಿಲ್ಲ. ಮಗ 6ನೇ ಕ್ಲಾಸಿನವರೆಗೆ ಅಲ್ಲೇ ಓದಿ ಬಂದರೂ ಲೆಕ್ಕ ಸರಿಹೋಗುತ್ತೆ, ಅದಕ್ಕಿಂತ ಜಾಸ್ತಿ ಆದರೆ ಇಲ್ಲ. ಒಂದರಿಂದ ಎಂಟರವರೆಗಿನ ವ್ಯಾಸಂಗ ಪ್ರಮಾಣಪತ್ರ ಹೊರಡುವ ಮುಂಚೆಯೇ ತೆಗೆದಿಟ್ಟುಕೊಳ್ಳಿ. ಆಮೇಲೆ ಹೆಡ್‌ಮಾಸ್ಟರ್ ಬದಲಾಗಿರುತ್ತಾರೆ, ಹಳೇ ರಿಜಿಸ್ಟರ್ ಯಾವ ಬೀರುವಿನಲ್ಲಿದೆ ಅಂತ ಯಾರಿಗೂ ಗೊತ್ತಿರಲ್ಲ.

ಕಂಪನಿಯೊಂದರ ಎಚ್‌ಆರ್ ವಿಭಾಗದಿಂದ, ಹೆಬ್ಬಾಳ

ಆಫರ್ ಲೆಟರ್‌ನಲ್ಲಿ ಮಕ್ಕಳ ಫೀಸಿನ ಸಾಲು ಇದೆಯಾ ನೋಡಿ. ಒಂದು ಮಗುವಿಗಾ, ಎರಡಕ್ಕಾ? ಮಿತಿ ಎಷ್ಟು? ಕಂಪನಿ ಶಾಲೆಗೇ ಕಟ್ಟುತ್ತಾ, ನೀವು ಕಟ್ಟಿ ಆಮೇಲೆ ಬಿಲ್ಲು ಕೊಡಬೇಕಾ? ಮನೆ ಬಾಡಿಗೆಗೂ ಒಟ್ಟಿಗೆ ಚೆಕ್ಕು ಬರೆದುಕೊಡುವ ಊರು ಅದು. ಮೊದಲ ತಿಂಗಳಲ್ಲೇ ಎರಡು ಮಕ್ಕಳ ಟರ್ಮ್ ಫೀಸು, ಬಸ್ಸು, ಯೂನಿಫಾರ್ಮ್ ಎಲ್ಲ ಬಂದರೆ ಕೈ ಕಟ್ಟಿಹೋಗುತ್ತೆ. ಸಹಿ ಹಾಕುವ ಮುಂಚೆ ಕೇಳಿದರೆ ಕೊಡುತ್ತಾರೆ, ಹಾಕಿದ ಮೇಲೆ ಕೊಡಲ್ಲ.

ಇಂಜಿನಿಯರಿಂಗ್ ವಿದ್ಯಾರ್ಥಿನಿ, ಮಂಡ್ಯ

ಆಂಟಿ, ನಾನೂ 9ಕ್ಕೆ ಹೋಗಿ 10 ಮುಗಿಸಿ ಬಂದವಳು. ಪಾಠ ಅಷ್ಟೇನೂ ಕಷ್ಟ ಆಗಲಿಲ್ಲ. ನಮ್ಮ ಹೈಸ್ಕೂಲಲ್ಲೂ ಗಣಿತ, ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪುಸ್ತಕವೇ ಇತ್ತು. ಕಷ್ಟ ಆಗಿದ್ದು ಭಾಷೆ. ಅಲ್ಲಿ ಅರಬ್ಬಿ 9ನೇ ಕ್ಲಾಸಿನವರೆಗೆ ಎಲ್ಲರಿಗೂ ಕಡ್ಡಾಯ. ಹೊಸದಾಗಿ ಬಂದವರಿಗೆ ಬೇರೆ ಗುಂಪು, ಅಲಿಫ್ ಬಾ ತಾ ಇಂದ ಶುರು. ಮೊದಲ ದಿನ ನೋಟ್‌ಬುಕ್ ಎಡಗಡೆಯಿಂದ ತೆರೆದು ಕೂತಿದ್ದೆ. ಪಕ್ಕದ ಮಲಯಾಳಿ ಹುಡುಗಿ ಏನೂ ಹೇಳದೆ ತಿರುಗಿಸಿಕೊಟ್ಟಳು. ಈಗಲೂ ನಾವು ಫ್ರೆಂಡ್ಸ್.

ಕನ್ನಡ ನಮ್ಮ ಶಾಲೆಯಲ್ಲಿ ಇರಲಿಲ್ಲ. ಹಿಂದಿ, ಫ್ರೆಂಚ್ ಇತ್ತು. ಪಿಯುನಲ್ಲಿ ಕನ್ನಡ ತಗೋಬೇಕು ಅಂತಿದ್ದರೆ ಆ ಎರಡು ವರ್ಷ ಮನೆಯಲ್ಲಿ ಓದಿಸಿ. ಅಲ್ಲಿನ ಕನ್ನಡ ಸಂಘದವರು ವಾರಕ್ಕೊಮ್ಮೆ ಮಕ್ಕಳಿಗೆ ಪಾಠ ಮಾಡುತ್ತಾರೆ, ನಿಮ್ಮ ಮಗನಿಗೆ ಅದು ಸರಿಯಾಗುತ್ತೆ. ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ ಎಲ್ಲರ ಅಭಿಪ್ರಾಯ ಇದೆ, ಮಗಳದು ಮಾತ್ರ ಇಲ್ಲ. ಅವಳನ್ನೂ ಕೇಳಿ ಆಂಟಿ.

ಓದುಗ, ಜಯಲಕ್ಷ್ಮೀಪುರಂ

ಎಲ್ಲರೂ ಸಿಬಿಎಸ್‌ಇ ಅಂತಲೇ ಬರೆಯುತ್ತಾರೆ ಅಂತ ಗೊತ್ತು. ನಾನು ಒಪ್ಪಲ್ಲ. ಗಲ್ಫ್‌ನ ಮೂರು ವರ್ಷ ಮೂರೇ ವರ್ಷಕ್ಕೆ ಮುಗಿದಿದ್ದನ್ನು ನಮ್ಮ ನೆಂಟರಲ್ಲಿ ನಾನಂತೂ ನೋಡಿಲ್ಲ. ಮಗಳು ಡಿಗ್ರಿಗೆ ಹೊರದೇಶಕ್ಕೇ ಹೋಗುವವಳಾದರೆ ಬ್ರಿಟಿಷ್ ಶಾಲೆ, ಆಮೇಲೆ ನಮ್ಮ ಪಿಯು ಥರದ ಎ ಲೆವೆಲ್. ಇಯರ್ 10ರ ಆರಂಭಕ್ಕೇ ಸರಿಯಾಗಿ ಸೇರುತ್ತಾಳೆ, ಇಂಥ ಅವಕಾಶ ಎಲ್ಲರಿಗೂ ಸಿಗಲ್ಲ. ಬೇಸಿಗೆಯ ಬಿಡುವಿನಲ್ಲಿ ಇಂಗ್ಲಿಷ್ ಬರೆಯೋದು ಅಭ್ಯಾಸ ಮಾಡಲಿ. ಖರ್ಚು ಜಾಸ್ತಿ, ಅದು ನಿಜ. ಐಬಿ ಮಾತ್ರ ಎರಡೇ ವರ್ಷ ಇದ್ದು ಬರುವವರಿಗೆ ಬೇಡ.

ಒಬ್ಬ ಅಜ್ಜಿ, ಶ್ರೀರಂಗಪಟ್ಟಣ

‘ಅಜ್ಜಿ ಮನೆಯಲ್ಲಿ ಬಿಡೋದಾ’ ಅಂತ ಬರೆದಿದ್ದೀಯಲ್ಲಮ್ಮಾ, ಆ ಅಜ್ಜಿಯನ್ನು ಕೇಳಿದೆಯಾ? ಮೊಮ್ಮಗಳು ನಮ್ಮ ಮನೆಯಲ್ಲೂ ಇದ್ದಳು. ಊಟ ಬಡಿಸೋದು, ತಲೆ ಬಾಚೋದು ನನಗೇನೂ ಭಾರ ಆಗಲಿಲ್ಲ. ಆದರೆ ಹದಿನಾಲ್ಕರ ಹುಡುಗಿ ರಾತ್ರಿ ಬಾಗಿಲು ಹಾಕಿಕೊಂಡು ಫೋನ್ ಹಿಡಿದು ಕೂತರೆ ಅಮ್ಮನ ಜೊತೆ ಮಾತಾಡ್ತಿದಾಳೋ ಇನ್ಯಾರ ಜೊತೆಯೋ, ನಾನು ಯಾವ ಬಾಯಲ್ಲಿ ಕೇಳಲಿ? ಈಗ ಜೊತೆಗೆ ಕರೆದುಕೊಂಡು ಹೋಗು. ಪಿಯುಗೆ ಬಂದಾಗ ನಿಮ್ಮಿಬ್ಬರಲ್ಲಿ ಒಬ್ಬರು ಜೊತೆಗೆ ಬಂದಿರಿ. ಪಿಯು ಅಂದರೆ ಬೆಳಿಗ್ಗೆ ಕಾಲೇಜು, ಸಂಜೆ ಟ್ಯೂಷನ್, ಮನೆಗೆ ಬರೋದು ರಾತ್ರಿ. ನಿಮ್ಮಮ್ಮನಿಗೆ ಸ್ಕೂಟಿ ಓಡಿಸೋಕೆ ಬರುತ್ತಾ?