ಹಳೇ ಟೈಲ್ಸ್, ಹಳೇ ನೆಲದ ಮೇಲೆ ಮೈಕ್ರೋಸಿಮೆಂಟ್: ನಮ್ಮ ಕಡೆ ಥಂಡಿಗೆ ನಿಲ್ಲುತ್ತಾ?

ಬಾಳ್ಳುಪೇಟೆಯವ:
ಎಲ್ಲರಿಗೂ ನಮಸ್ಕಾರ. ಬಾಳ್ಳುಪೇಟೆ ಹತ್ತಿರ ಅಜ್ಜ ಕಟ್ಟಿಸಿದ ಮನೆ ನಮ್ಮದು. ಹಜಾರದಲ್ಲಿ ರೆಡ್ ಆಕ್ಸೈಡ್ ನೆಲ. ಬಚ್ಚಲುಮನೆಗೆ ಆಮೇಲೆ ಹಾಕಿಸಿದ ಬಿಳಿ ಟೈಲ್ಸ್. ಟೈಲ್ಸ್ ಸಂದಿಯೆಲ್ಲ ಕಪ್ಪಾಗಿದೆ, ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ಹಾಸನದಲ್ಲಿ ಗೆಳೆಯನ ಮನೆಯಲ್ಲಿ ಮೈಕ್ರೋಸಿಮೆಂಟ್ ನೋಡಿದೆ, ಅದೇ ನೆಲಕ್ಕೂ ಗೋಡೆಗೂ ಬಳಿಯೋ ತೆಳು ಸಿಮೆಂಟ್ ಲೇಪ. ಒಂದೂ ಸಂದಿಯಿಲ್ಲ, ಬೂದಿ ಬಣ್ಣ, ಕಣ್ಣಿಗೆ ತಂಪು. ಟೈಲ್ಸ್ ಒಡೆಯೋದೇ ಬೇಡ, ಮೇಲೇ ಬಳಿಯಬಹುದು, ಎರಡು ಮೂರು ಮಿಲಿಮೀಟರ್ ದಪ್ಪ ಅಷ್ಟೇ ಅಂತ ಕೆಲಸದವರು ಹೇಳುತ್ತಾರೆ. ಜುಲೈ ಒಳಗೆ ಮುಗಿಸಿ ಕೊಡುತ್ತಾರಂತೆ. ಹಜಾರಕ್ಕೂ ಮಾಡಿಸಿಬಿಡೋಣ ಅಂತ ಆಸೆ. ಅನುಭವ ಇದ್ದವರು ಹೇಳಿ.

ಮೂಡಿಗೆರೆ ಅಕ್ಕ:
ಜುಲೈನಲ್ಲಿ ಮಾತ್ರ ಬೇಡ ಕಣಪ್ಪ. ನಾನು ಅದೇ ತಪ್ಪು ಮಾಡಿ ದುಡ್ಡು ಕಳೆದುಕೊಂಡವಳು.

ಒಳಕೋಣೆ ನೆಲಕ್ಕೂ ಬಚ್ಚಲಿನ ಗೋಡೆಗೂ ಜೋರು ಮಳೆಯಲ್ಲೇ ಮಾಡಿಸಿದೆ. ಮುಗಿದ ದಿನ ಬಂದವರೆಲ್ಲ ಕೈ ಸವರಿ ಸವರಿ ನೋಡಿದರು. ದೀಪಾವಳಿ ಹೊತ್ತಿಗೆ ಬಚ್ಚಲ ಗೋಡೆಯ ಬುಡದಲ್ಲಿ ದೋಸೆ ಉಬ್ಬಿದ ಹಾಗೆ ಉಬ್ಬಿತು. ಬೆರಳಿನಿಂದ ಒತ್ತಿದರೆ ಕರಕರ ಸದ್ದು, ಹಿಂದೆ ಬಿಳಿ ಉಪ್ಪಿನ ಪುಡಿ. ಮಾಡಿದವರು ಮಾಲು ಸರಿಯಿರಲಿಲ್ಲ ಅಂದರು. ಮಾಲಲ್ಲ, ನೀರು. ಹಳೇ ಗೋಡೆ ಭೂಮಿಯಿಂದ ನೀರು ಹೀರುತ್ತೆ. ಮೇಲೆ ಸೀಲರ್ ಬಳಿದು ಬಾಯಿ ಮುಚ್ಚಿದರೆ ಆ ನೀರು ಉಪ್ಪನ್ನೂ ಹೊತ್ತುಕೊಂಡು ಬಂದು ಪದರವನ್ನೇ ತಳ್ಳುತ್ತೆ. ಒಳಕೋಣೆಯ ಕತೆ ಬೇರೆ. ಒಂದು ಪದರ ಒಣಗೋ ಮೊದಲೇ ಇನ್ನೊಂದು ಬಳಿದು, ಅದರ ಮೇಲೆ ಸೀಲರ್ ಹೊಡೆದಿದ್ದರು. ಅಲ್ಲಲ್ಲಿ ಹಾಲು ಚೆಲ್ಲಿದ ಹಾಗೆ ಬಿಳುಚಿಕೊಂಡಿತು.

ಹಾಗಾಗಿ ಮೊದಲು ಒಂದು ಕೆಲಸ ಮಾಡಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಒಂದು ದಿನ ಬಿಡಿ. ತೆಗೆದಾಗ ಒಳಗೆ ಹನಿ ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ಕೆಲಸ ನಿಲ್ಲಿಸಿ. ಟೈಲ್ಸ್ ಮೇಲೆ ಇದು ನಡೆಯಲ್ಲ. ಅಲ್ಲಿ ನಾಣ್ಯದಿಂದ ಒಂದೊಂದನ್ನೂ ಬಡಿದು ಕೇಳಿ. ಟೊಳ್ಳು ಸದ್ದು ಬಂದದ್ದನ್ನು ಕಿತ್ತು ಸಿಮೆಂಟ್ ತುಂಬಿಸಲೇಬೇಕು. ಸಂದಿಗಳನ್ನೂ ಮಟ್ಟಕ್ಕೆ ತುಂಬಿಸದಿದ್ದರೆ ಬೇಸಿಗೆ ಬಂದಾಗ ಚೌಕಚೌಕವಾಗಿ ಗೆರೆ ಮೇಲೆ ಕಾಣುತ್ತೆ. ನುಣುಪು ಟೈಲ್ಸ್‌ಗೆ ಪ್ರೈಮರ್, ಅದರ ಮೇಲೆ ಫೈಬರ್‌ಗ್ಲಾಸ್ ಬಲೆ, ಆಮೇಲೆ ದಪ್ಪ ಪದರ ಎರಡು, ನಯ ಪದರ ಎರಡು. ಪ್ರತಿ ಪದರ ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ ಧೂಳು ತೆಗೆಯಬೇಕು. ಕೊನೆಗೆ ಪಾಲಿಯುರೆಥೇನ್ ಸೀಲರ್, ಎರಡು ಸಲ.

ಎರಡನೇ ಸಲ ಫೆಬ್ರವರಿಯಲ್ಲಿ ಮಾಡಿಸಿದೆ. ಅರೇಬಿಕಾ ಕಾಫಿ ಕೊಯ್ಲು ಮುಗಿದಿತ್ತು, ಕಾಫಿ ಹೂ ಅರಳಿಸೋ ಹೂಮಳೆ ಇನ್ನೂ ಬಂದಿರಲಿಲ್ಲ. ಬುಡದ ಗೋಡೆ ಗಾರೆ ಕೆತ್ತಿಸಿ ಪೂರಾ ಒಣಗಲು ಬಿಟ್ಟು ಹೊಸ ಗಾರೆ ಹಾಕಿಸಿದೆ. ಹೊಸ ಗಾರೆ ಅಥವಾ ಕಾಂಕ್ರೀಟ್ ಆದರೆ 28 ದಿನ ಕಾಯಲೇಬೇಕು. ಈ ಸಲ ಒಂದೇ ಒಂದು ಎಡವಟ್ಟು. ಗೋಡೆ ಅರ್ಧ ಬಳಿದು ಕೆಲಸದವರಿಬ್ಬರೂ ಊಟಕ್ಕೆ ಹೋದರು. ಬಂದು ಮುಂದುವರಿಸಿದಲ್ಲಿ ಒಂದು ಗೆರೆ ಉಳಿಯಿತು. ಅದಕ್ಕೆ ನಮ್ಮ ಮನೆಯಲ್ಲಿ ಈಗಲೂ ‘ಊಟದ ಗೆರೆ’ ಅಂತಲೇ ಹೆಸರು. ಗೋಡೆ ಒಂದನ್ನು ಒಂದೇ ಬೀಸಿಗೆ ಮುಗಿಸಲು ಹೇಳಿ, ಊಟ ಮೊದಲೇ ಹಾಕಿಬಿಡಿ.

ಗಾರೆ ಕೆಲಸದವನು, ಆಲೂರು:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಇದು ನೀರು ತಡೆಯೋ ಪದರ ಅಲ್ಲ, ಮೇಲಿನ ಚರ್ಮ ಅಷ್ಟೇ. ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಕೆಳಗೇ ಇರಬೇಕು. ಮೋರಿ ಕಡೆಗೆ ವಾಟ ಈಗಿರೋ ನೆಲದಲ್ಲೇ ಸರಿಯಿದೆಯಾ ನೋಡಿ. ಒಂದು ಕೊಡ ನೀರು ಸುರಿದರೆ ಗೊತ್ತಾಗುತ್ತೆ. ನೀರು ನಿಲ್ಲುವ ಜಾಗವನ್ನು ಮೈಕ್ರೋಸಿಮೆಂಟ್ ದಪ್ಪ ಬಳಿದು ಎತ್ತೋಕೆ ಆಗಲ್ಲ, ಬಿರುಕು ಬಿಡುತ್ತೆ. ಮುಗಿದ ಮೇಲೆ ಒಂದು ವಾರ ಅಲ್ಲಿ ಸ್ನಾನ ಬೇಡ. ಮುಂದೆ ಆಸಿಡ್ ಹಾಕಿ ಯಾವತ್ತೂ ತೊಳೆಯಬೇಡಿ.

ಕೆಮ್ಮಣ್ಣು ಮನೆ, ಚಿಕ್ಕಮಗಳೂರು:
ರೆಡ್ ಆಕ್ಸೈಡ್ ನೆಲವನ್ನು ಯಾಕ್ರೀ ಮುಚ್ಚುತ್ತೀರಿ? ಅಂಥ ನೆಲ ಮಾಡೋ ಕೈಗಳು ಈಗ ಹುಡುಕಿದರೂ ಸಿಗಲ್ಲ. ಮುಚ್ಚಲೇಬೇಕು ಅಂದರೂ ಸುಲಭ ಅಲ್ಲ. ವರ್ಷಗಟ್ಟಲೆ ಎಣ್ಣೆ, ಮೇಣ ಹಾಕಿ ಒರೆಸಿದ ನೆಲಕ್ಕೆ ಯಾವುದೂ ಅಂಟಲ್ಲ, ಮೆಷಿನ್ ಹಾಕಿ ಮೇಲಿನ ಹೊಳಪನ್ನೇ ಉಜ್ಜಿ ತೆಗೆಯಬೇಕು.

ಮೂಡಿಗೆರೆ ಅಕ್ಕ:
ಹೌದು, ಇದಕ್ಕೆ ನನ್ನದೂ ಓಟು. ಹಜಾರದ ಬಿರುಕು ಮುಚ್ಚೋಕೆ ಅಂತ ಈ ಆಸೆ ಅಲ್ವಾ? ಕೆಳಗಿನ ಬಿರುಕು ಜೀವಂತ ಇದ್ದರೆ, ಅಂದರೆ ಇನ್ನೂ ಅಲುಗುತ್ತಿದ್ದರೆ, ಮೇಲೂ ಬಂದೇ ಬರುತ್ತೆ.

ಬಾಳ್ಳುಪೇಟೆಯವ:
ಸಿಕ್ಕಿಬಿದ್ದೆ ಅಕ್ಕ, ಬಿರುಕು ಮುಚ್ಚೋಕೇ. ನಿನ್ನೆ ಪ್ಲಾಸ್ಟಿಕ್ ಅಂಟಿಸಿದ್ದೆ. ಹಜಾರದ ನಡುವೆ ಒಣಗಿತ್ತು, ಅಡುಗೆಮನೆ ಬಾಗಿಲ ಹತ್ತಿರ ಅಕ್ಕಿಕಾಳಿನಷ್ಟು ದಪ್ಪ ಹನಿಗಳು. ಹಜಾರ ಬಿಟ್ಟೆ. ಬಚ್ಚಲಲ್ಲಿ ನಾಣ್ಯ ಬಡಿದೆ, ಹನ್ನೊಂದು ಟೈಲ್ಸ್ ಟೊಳ್ಳು. ಕೆಲಸದವರಿಗೆ ಫೆಬ್ರವರಿಗೆ ಬನ್ನಿ ಅಂದೆ. ಆಗ ರೋಬಸ್ಟಾ ಕೊಯ್ಲು, ಆಳು ಸಿಗಲ್ಲ ಅಂತ ಅಮ್ಮ ಈಗಲೇ ಗೊಣಗುತ್ತಿದ್ದಾರೆ.