ಚೌಡಿ ಬನಕ್ಕೆ ಈಗ ಬೇಕಾಗಿರುವುದು ಬೆಂಕಿ ಗೆರೆ

ತಮ್ಮಾ, ನಿನ್ನ ಮೆಸೇಜು ನೋಡಿದೆ. ಡಿಸೆಂಬರ್ ರಜೆಗೆ ಬೆಂಗಳೂರಿನಿಂದ ನೀವೆಲ್ಲ ಬಂದು ನಮ್ಮ ದೇವರ ಕಾಡು ಚೌಡಿ ಬನ ಸ್ವಚ್ಛ ಮಾಡುತ್ತೇವೆ ಅಂದಿದ್ದೀಯ. ಉದುರಿದ ಒಣ ಎಲೆಯ ದರಕು ಗುಡಿಸಿ ಸುಡುವುದು, ಹಳೇ ಒಣಮರ ಕಡಿಯುವುದು, ಬೋಳು ಜಾಗದಲ್ಲಿ ಅಕೇಶಿಯಾ ನೆಡುವುದು ಅಂತ. ನಿಮಗೆ ಬನದ ನೆನಪಿದೆಯಲ್ಲ, ಓದಿ ತುಂಬಾ ಖುಷಿಯಾಯಿತು. ಆದರೆ ಆ ಮೂರೂ ಬೇಡ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಹೋದ ಏಪ್ರಿಲ್‌ನಲ್ಲಿ ಬನದೊಳಗೆ ಹೋಗಿದ್ದೆ. ಹೊರಗೆ ಹುಲ್ಲು ಬೆಳೆಯುವ ಬೇಣದ ನೆಲ ಬಿರುಕು ಬಿಟ್ಟಿತ್ತು. ಒಳಗೆ ಹಲಸಿನ ಬುಡದಲ್ಲಿ ಕೈಯಿಂದ ದರಕು ಸರಿಸಿದೆ. ಮೇಲಿನ ಎಲೆ ಹಪ್ಪಳದ ಹಾಗೆ ಮುರಿಯಿತು. ಅದರಡಿಯ ಎಲೆಗಳು ಮೆತ್ತಗಾಗಿ, ಬಿಳಿ ನೂಲಿನಂಥ ಬೂಷ್ಟು ಹಿಡಿದಿದ್ದವು. ಇನ್ನೂ ಕೆಳಗಿನ ಮಣ್ಣು ಬೆರಳಿಗೆ ತಣ್ಣಗೆ ತಾಗಿತು. ಮಳೆ ನೀರು ಓಡಿಹೋಗದೆ ಇಂಗುವುದು ಈ ಹಾಸಿನಿಂದ, ಅಲ್ವಾ? ತೋಟಕ್ಕೆ ಬೇಕಾದ ದರಕು ಬೆಟ್ಟದಿಂದ ತರೋಣ. ಬನದ್ದು ಬನದಲ್ಲೇ ಇರಲಿ.

ಕಟ್ಟೆ ಹತ್ತಿರದ ಮುದಿ ಮರ ಇದೆಯಲ್ಲ, ಅದರ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಗೂಡು ಮಾಡುತ್ತದೆ. ಬೇಸಿಗೆಯಲ್ಲಿ ಹೆಣ್ಣು ಒಳಗೆ ಸೇರಿ ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ಹಿಡಿಯುವಷ್ಟೇ ಸೀಳು ಬಿಟ್ಟಿರುತ್ತದೆ. ಗಂಡು ಗೋಳಿ, ಅತ್ತಿ ಹಣ್ಣು ತಂದು ಆ ಸೀಳಿನಲ್ಲಿ ಕೊಡುತ್ತದೆ. ಅದಕ್ಕೆ ಮರ ಕೊರೆಯಲು ಬರುವುದಿಲ್ಲ, ಇಂಥ ಹಳೇ ಪೊಟರೆಯೇ ಗತಿ. ದಾರಿಗೆ ವಾಲಿದ ಮರವಾದರೆ ಮಾತು ಬೇರೆ.

ಇನ್ನು ಗಿಡ. ಡಿಸೆಂಬರ್‌ನಲ್ಲಿ ನೆಟ್ಟರೆ ಮೇ ತನಕ ನೀರು ಹೊರುವವರು ಯಾರು? ನೆಡುವುದು ಜೂನ್‌ನಲ್ಲಿ, ನಾಲ್ಕು ಮಳೆ ಬಿದ್ದ ಮೇಲೆ. ಅಕೇಶಿಯಾ ಬೇಗ ಬೆಳೆಯುತ್ತದೆ, ನಿಜ. ಅದರ ಎಲೆ ಬೇಗ ಕೊಳೆಯುವುದಿಲ್ಲ, ಹಕ್ಕಿಗೆ ತಿನ್ನುವಂಥ ಹಣ್ಣೂ ಇಲ್ಲ. ನಮ್ಮ ಮುರುಗಲು, ವಾಟೆ, ನೇರಳೆ, ಹಲಸು ಸಾಕು. ಹಲಸಿನ ಬೀಜ ಒಣಗಿಸಿ ಇಡಬಾರದು, ಒಣಗಿದರೆ ಹುಟ್ಟುವುದಿಲ್ಲ. ಹಣ್ಣು ತಿಂದ ವಾರದೊಳಗೆ ಊರಬೇಕು.

ಯುಪಟೋರಿಯಂ ಕಳೆ ಕೀಳಲು ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ಮಣ್ಣು ಹಸಿ ಇರುತ್ತದೆ, ಬೇರು ಸಮೇತ ಬರುತ್ತದೆ. ಹೂ ಒಣಗಿದ ಮೇಲೆ ಮುಟ್ಟಿದರೆ ಬೀಜ ಗಾಳಿಗೆ ಹಾರಿ ಎಲ್ಲ ಕಡೆ ಹರಡುತ್ತದೆ. ಈ ಸಲ ನಾವು ನಾಲ್ಕೇ ಜನ ಇದ್ದೆವು, ಅರ್ಧ ಹಾಗೇ ಉಳಿದಿದೆ. ಅದು ಒಣಗಿ ನಿಂತರೆ ಬೆಂಕಿಗೆ ಸೌದೆ ಒಟ್ಟಿದ ಹಾಗೆ.

ನನಗೆ ಜಾಸ್ತಿ ಹೆದರಿಕೆ ಬೆಂಕಿಯದ್ದೇ. ಮೂರು ವರ್ಷದ ಹಿಂದೆ ಫೆಬ್ರವರಿಯಲ್ಲಿ ರಸ್ತೆ ಬದಿಯಿಂದ ಬೇಣಕ್ಕೆ ಹತ್ತಿದ ಬೆಂಕಿ ಬನದ ಅಂಚಿಗೆ ಬಂತು. ದೊಡ್ಡ ಮರಗಳಿಗೆ ಏನೂ ಆಗಲಿಲ್ಲ. ಎರಡು ಮಳೆಗಾಲ ಊರಿ ಬೆಳೆಸಿದ ಸಸಿಗಳು ಒಂದೂ ಉಳಿಯಲಿಲ್ಲ. ಮೊಣಕಾಲೆತ್ತರ ಬಂದಿದ್ದವು. ಮರುದಿನ ಹೋಗಿ ನೋಡಿ ಅಲ್ಲೇ ಕುಳಿತುಬಿಟ್ಟೆ.

ಅದಕ್ಕೇ ಕೇಳುತ್ತೇನೆ, ನೀವು ಬಂದಾಗ ಬೆಂಕಿ ಗೆರೆ ತೆಗೆಯೋಣ. ರಸ್ತೆಯಿಂದ ಹಳ್ಳದ ತನಕ, ಎರಡು ಮಾರು ಅಗಲ. ಹುಲ್ಲು, ಎಲೆ ಕೆರೆದು ಬರೀ ಮಣ್ಣು ಕಾಣಬೇಕು. ಕೆರೆದದ್ದನ್ನು ಸುಡದೆ ಕೊಟ್ಟಿಗೆಗೆ ಹಾಕೋಣ. 26ನೇ ತಾರೀಕು ಬೆಳಿಗ್ಗೆ ಏಳಕ್ಕೆ ಶುರು ಮಾಡಿದರೆ ಎರಡು ದಿನದಲ್ಲಿ ಮುಗಿಯುತ್ತದೆ. ಕತ್ತಿ, ಗುದ್ದಲಿ ಇಲ್ಲಿವೆ. ಎಲ್ಲರೂ ತುಂಬು ತೋಳಿನ ಅಂಗಿ, ಬೂಟು ತನ್ನಿ. ಎಷ್ಟು ಜನ ಅಂತ ಮೊದಲೇ ಹೇಳು ತಮ್ಮಾ, ತೆಳ್ಳೇವು ದೋಸೆಗೆ ಅಕ್ಕಿ ನೆನೆಸಬೇಕು.